ಗುಜರಿ ಗಾಡಿ ಓಡ್ತೈತೆ, ನಿಲ್ಲಬೇಕಲ್ಲ?

ತಮ್ಮನ ಮಗ ಕಟ್ಟಿರೋ ಗುಜರಿ ಗಾಡಿ ಬಗ್ಗೆ ಬರೀತೀನಿ ಅಂದಿದ್ದೆ. ಭತ್ತದ ಕೊಯ್ಲು, ಒಣಗಿಸೋದು ಅಂತ ತಡ ಆಯ್ತು. ಸ್ವಲ್ಪ ಉದ್ದ ಐತೆ, ಬಿಡುವಿದ್ದಾಗ ಓದಿ.

ನಮ್ಮದು ಹರಿಹರ ತಾಲ್ಲೂಕು, ಭದ್ರಾ ನಾಲೆಯ ಕೊನೇ ಭಾಗ. ರಸ್ತೆಯಿಂದ ಗದ್ದೆಗೆ ಇರೋದು ಏರಿ ಮೇಲಿನ ಕಿರಿದಾದ ದಾರಿ. ಟ್ರ್ಯಾಕ್ಟರ್ ಹಿಡಿಸಲ್ಲ, ಎತ್ತು ಮಾರಿ ಎಂಟು ವರ್ಷ ಆಯ್ತು. ಯೂರಿಯಾ ಚೀಲ 45 ಕೆ.ಜಿ., ಡಿಎಪಿ 50 ಕೆ.ಜಿ. ಹೊತ್ತು ತರೋಕೆ ಆಳು ಸಿಗಲ್ಲ, ನನ್ನ ಮೊಣಕಾಲು ಕೇಳಲ್ಲ. ಹುಡುಗ ಡಿಪ್ಲೊಮಾ ಮುಗಿಸಿ ಮನೇಲಿದಾನೆ. "ದೊಡ್ಡಪ್ಪ, ನಾಲ್ಕು ಚೀಲ ಹೊರೋ ಗಾಡಿ ನಾನೇ ಮಾಡ್ತೀನಿ, ಬಿಡಿ" ಅಂದ.

ದಾವಣಗೆರೆಯ ಗುಜರಿ ಅಂಗಡೀಲಿ ಒಂದು ಹಳೇ ಬಜಾಜ್ ಚೇತಕ್ ತೂಕದ ಲೆಕ್ಕದಲ್ಲಿ ಸಿಕ್ತು. ನಾನು ಬೈಕ್ ಎಂಜಿನ್ ತಗೋ ಅಂದಿದ್ದೆ. ಅವನು ಬೇಡ ಅಂದ. ಅವನು ಹೇಳಿದ ಕಾರಣ ಕೇಳಿ ನನಗೆ ಖುಷಿ ಆಯ್ತು, ಅದಕ್ಕೇ ನಿಮಗೂ ಹೇಳ್ತೀನಿ. ಬೈಕ್ ಎಂಜಿನ್ ತಣ್ಣಗಾಗೋದು ಎದುರಿಂದ ಬೀಸೋ ಗಾಳಿಗೆ. ಮನುಷ್ಯ ನಡೆಯೋ ವೇಗದಲ್ಲಿ ಭಾರ ಎಳೆಸಿದ್ರೆ ಆ ಗಾಳಿ ಎಲ್ಲಿಂದ ಬರಬೇಕು? ಕಾದು ಕೂತ್ಕೊಳ್ತೈತೆ. ಚೇತಕ್ ಎಂಜಿನ್ ಇರೋದು ಡೂಮ್ ಒಳಗೆ ಮುಚ್ಚಿಕೊಂಡು. ಹಂಗಾಗಿ ಅದರ ಮ್ಯಾಗ್ನೆಟ್ ಚಕ್ರಕ್ಕೇ ಫ್ಯಾನ್ ರೆಕ್ಕೆ ಕೂರಿಸಿ, ತಗಡಿನ ಹೊದಿಕೆಯೊಳಗಿಂದ ಸಿಲಿಂಡರ್ ಮೇಲೆ ಗಾಳಿ ಊದಿಸ್ತಾರೆ. ನಿಂತಲ್ಲೇ ಓಡಿದ್ರೂ ಅದರ ಗಾಳಿ ಅದಕ್ಕೆ ಐತೆ. ಬೈಕ್ ಎಂಜಿನ್ ಹಾಕಿ ಎಡೆಕುಂಟೆ ಮಾಡಿಕೊಂಡೋರು, ಮಧ್ಯಾಹ್ನದ ಹೊತ್ತಿಗೆ ಯಾಕೆ ಎಳೆಯಲ್ಲ ಅಂತ ತಲೆ ಕೆಡಿಸ್ಕೊಂಡಿದ್ರೆ ಇದನ್ನ ನೋಡಿ.

ಉಳಿದದ್ದೆಲ್ಲ ಮನೆ ಸಾಮಾನು. ನಮ್ಮಪ್ಪನ ಕಾಲದ ಕಬ್ಬಿಣದ ಮಂಚದ ಪೈಪು, ಆಂಗ್ಲರ್ ಸೇರಿಸಿ ಚೌಕಟ್ಟು. ತುಕ್ಕು ಹಿಡಿದ ಬೀರುವಿನ ಬಾಗಿಲು ಕೆಳಗೆ ಹಾಸಿದಾನೆ, ಚೀಲ ಇಡೋಕೆ. ಎಂಜಿನ್ ಅದುರು ತಡೆಯೋಕೆ ಹವಾಯಿ ಚಪ್ಪಲಿ ಕತ್ತರಿಸಿ ಬೋಲ್ಟಿನ ಕೆಳಗೆ ಕೊಟ್ಟಿದಾನೆ. 15 ಕೆ.ಜಿ. ಎಣ್ಣೆ ಟಿನ್ ಬಿಡಿಸಿ ಚೈನಿಗೆ ಕವರ್. ಕಾರ್ಬ್ಯುರೇಟರ್ ಬಾಯಿಗೆ ಟೀ ಸೋಸೋ ಜಾಲರಿ! ಅದು ಕಾಣೆಯಾಗಿದ್ದಕ್ಕೆ ಮನೇಲಿ ಎರಡು ದಿನ ಗಲಾಟೆ. ಆ ಜಾಲರಿ ಟೀ ಪುಡಿ ತಡೀತೈತೆ, ಧೂಳು ತಡೆಯಲ್ಲ. ಸುಗ್ಗಿ ಧೂಳು ಒಳಗೆ ಹೋದ್ರೆ ಪಿಸ್ಟನ್ ರಿಂಗು ಸವೆದು ಎಂಜಿನ್ ಹೊಗೆ ಉಗುಳೋಕೆ ಶುರು ಮಾಡ್ತೈತೆ. ಅದನ್ನ ತೆಗೆಸಿ ಚೇತಕ್‌ನದೇ ಫಿಲ್ಟರ್ ಹಾಕಿಸಿದೀನಿ. ಪೆಟ್ರೋಲ್ ಟ್ಯಾಂಕ್ ಕೂಡ ಅದರದೇ. 20 ಲೀಟರ್ ನೀರಿನ ಕ್ಯಾನ್ ಹಾಕ್ತೀನಿ ಅಂತಿದ್ದ, ಅದಕ್ಕೆ ಮಾತ್ರ ಬೈದೆ. ಲೀಟರಿಗೆ 20 ಎಂ.ಎಲ್. ಟೂ-ಸ್ಟ್ರೋಕ್ ಆಯಿಲ್ ಕಲಿಸೋದು ಅವನಿಗೆ ಗೊತ್ತಿತ್ತು.

ಈ ಹುಚ್ಚು ಎಲ್ಲಿಂದ ಬಂತು ಅಂದ್ರೆ, ಮೊಬೈಲ್‌ನಲ್ಲಿ ಅಮೆರಿಕದ ಹಾಟ್ ರಾಡ್ ನೋಡ್ತಾನೆ. ಹಳೇ ಫೋರ್ಡ್ ಕಾರು ಬಿಚ್ಚಿ, ಬೇಡದ ಭಾರ ಕಿತ್ತು, ಎಂಜಿನ್ ಜೋರು ಮಾಡಿ ಓಡಿಸೋದು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಬಿಲ್ ಬರ್ಕ್ ಅನ್ನೋರು ಯುದ್ಧವಿಮಾನದ ಅಡಿಗೆ ನೇತುಹಾಕೋ ಪೆಟ್ರೋಲ್ ಟ್ಯಾಂಕನ್ನೇ ಕಾರಿನ ಮೈ ಮಾಡಿಕೊಂಡ್ರಂತೆ. ಗಾಳಿ ಸೀಳೋ ಆಕಾರ, ಅದೂ ಯುದ್ಧದ ಗುಜರಿ. ಓಡಿಸಿದ್ದು ಕ್ಯಾಲಿಫೋರ್ನಿಯಾದ ಒಣಗಿದ ಕೆರೆ ಅಂಗಳದಲ್ಲಿ. ಹುಡುಗ ಇಷ್ಟು ಹೇಳಿದ. ಅವನು ಹೇಳದ ಭಾಗ ನಾನು ಹುಡುಕಿ ಓದಿದೆ. ಬೀದೀಲಿ ರೇಸ್ ಬಿಟ್ಟು ಜನ ಸಾಯೋದು ನಿಲ್ಲಲಿ ಅಂತ ವಾಲಿ ಪಾರ್ಕ್ಸ್ 1951ರಲ್ಲಿ ಒಂದು ಸಂಘ ಕಟ್ಟಿದ್ರು. ಅಂಥ ಕಡೆ ಗಾಡಿಯನ್ನ ಮೊದಲು ಪರೀಕ್ಷೆ ಮಾಡ್ತಾರೆ, ಸರಿ ಇದ್ರೆ ಮಾತ್ರ ಓಡೋಕೆ ಬಿಡ್ತಾರೆ.

ನಮ್ಮ ಗಾಡಿ ಪರೀಕ್ಷೆ ಆಗಿದ್ದು ಹರಿಹರದ ಒಂದು ಲೇತ್ ಶೆಡ್‌ನಲ್ಲಿ. ಹರಿಹರ ಅಂದ್ರೆ ಹೊರಗಿನೋರಿಗೆ ಹರಿಹರೇಶ್ವರ ದೇವಸ್ಥಾನ, ತುಂಗಭದ್ರೆ. ನಮಗೆ ಲೇತೂ ಹೌದು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಇಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಮಷಿನ್ ಕಳಿಸ್ತಿತ್ತು. ಈಗ ಕಾರ್ಖಾನೆ ಇಲ್ಲ, ಕೈಗಳು ಇನ್ನೂ ಅದಾವೆ. ಈ ಶೆಡ್ಡಿನ ಮೇಸ್ತ್ರಿಗೆ ಎಪ್ಪತ್ತು ದಾಟೈತೆ. ಅಚ್ಚಿಗೆ ಬೇರಿಂಗ್ ಕೂರೋ ಜಾಗ ತಿರುವಿಸೋಕೆ ಅಂತ ಗಾಡಿ ಹೇರಿಕೊಂಡು ಹೋಗಿದ್ವಿ. ಅವರು ಸುತ್ತ ಒಂದು ರೌಂಡ್ ಹಾಕಿ, ಕೂತು, ಬಗ್ಗಿ ನೋಡಿ ಕೇಳಿದ್ದು ಒಂದೇ:

"ಬ್ರೇಕ್ ಎಲ್ಲೈತೆ ತಮ್ಮಾ?"

ಚೇತಕ್‌ನ ಹಿಂದಿನ ಚಕ್ರದ ಡ್ರಮ್ ಬ್ರೇಕು ಎಂಜಿನ್ ಜೊತೇಲೇ ಬಂದಿತ್ತು. ಹುಡುಗ ಆ ಡ್ರಮ್ಮಿಗೇ ಸಣ್ಣ ಸ್ಪ್ರಾಕೆಟ್ ಕೂರಿಸಿ, ಅಲ್ಲಿಂದ ಚೈನಿನಲ್ಲಿ ಹಿಂದಿನ ಅಚ್ಚು ತಿರುಗಿಸ್ತಿದ್ದ. ಪೆಡಲ್ ಒತ್ತಿದ್ರೆ ಗಾಡಿ ನಿಲ್ತಿತ್ತು, ಅಂಗಳದಲ್ಲಿ ಹತ್ತು ಸಲ ತೋರಿಸಿದ್ದ. ಮೇಸ್ತ್ರಿ ಚೈನಿಗೆ ಬೆರಳಿಟ್ಟು "ಇದು ಹರಿದ್ರೆ?" ಅಂದ್ರು. ಹುಡುಗ ಸುಮ್ಮನಾದ. ಬ್ರೇಕು ಚೈನಿನ ಆ ಕಡೆ, ಚಕ್ರ ಈ ಕಡೆ. ಚೈನ್ ಹರೀತು ಅಂದ್ರೆ ಎಂಜಿನ್ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ.

ಲೆಕ್ಕ ನೀವೇ ಹಾಕಿ. ನಾಲ್ಕು ಚೀಲ, ಒಬ್ಬ ಆಳು, ಗಾಡಿ ಸೇರಿ ಸುಮಾರು 450 ಕೆ.ಜಿ. ನಮ್ಮ ಏರಿಯಿಂದ ಗದ್ದೆಗೆ ಇಳಿಯೋ ಕಡೆ ಹತ್ತು ಅಡಿಗೆ ಒಂದು ಅಡಿ ಇಳಿಜಾರು ಐತೆ. ಅಲ್ಲಿ 45 ಕೆ.ಜಿ.ಯಷ್ಟು ಎಳೆತ ಗಾಡೀನ ಬಿಡದೆ ಕೆಳಗೆ ದಬ್ತಿರ್ತೈತೆ. ಒಂದು ಪಕ್ಕ ನಾಲೆ. ಚೈನ್ ಹರಿಯೋದೂ ಅಂಥ ಕಡೆನೇ, ಭಾರ ಬಿದ್ದಾಗ.

ಸ್ಟೀರಿಂಗಿಗೆ ಅವನು ಕಟ್ಟಡದ ಕಂಬಿ ಬಗ್ಗಿಸಿ ವೆಲ್ಡ್ ಮಾಡಿದ್ದ. ಅದನ್ನೂ ಮೇಸ್ತ್ರಿ ಒಪ್ಪಲಿಲ್ಲ. ಹಂಗಾದ್ರೆ ಲಾರಿ ಸ್ಪ್ರಿಂಗ್ ಪಟ್ಟಿ ಹಾಕ್ತೀನಿ, ಗಟ್ಟಿ ಇರ್ತೈತೆ ಅಂದ. ಆ ಉಕ್ಕು ಗಟ್ಟಿ ಹೌದು, ಆದ್ರೆ ಸುಮ್ಮನೆ ವೆಲ್ಡ್ ಮಾಡಿದ್ರೆ ಬೆಸುಗೆ ಪಕ್ಕದಲ್ಲೇ ಪೆಡಸಾಗಿ ಬಿರುಕು ಬಿಡ್ತೈತೆ. ಕುಂಟೆ ತಾಳಿಗೆ ಬೋಲ್ಟ್ ಹಾಕಿ ಕೂರಿಸಿಕೊಳ್ಳೋಕೆ ಅಷ್ಟು ಒಳ್ಳೇ ಸಾಮಾನು ಇನ್ನೊಂದಿಲ್ಲ. ಸ್ಟೀರಿಂಗಿಗೆ ಬೇಡ.

ಹುಡುಗನಿಗೆ ಬೇಜಾರಾಯ್ತು. "ನಡಕಟ್ಟಿನ ಅವರು ಮಾಡಲಿಲ್ವಾ ಮನೆ ಸಾಮಾನಿನಲ್ಲೇ?" ಅಂದ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ನಿಮಗೂ ಗೊತ್ತು, ಕೂರಿಗೆ ಮಾಡಿದೋರು, 2022ರಲ್ಲಿ ಪದ್ಮಶ್ರೀ ಬಂತು. ಬೆಳಗ್ಗೆ ಏಳೋಕೆ ಆಗಲ್ಲ ಅಂತ ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಕೀಲಿ ತಿರುಗಿದಂಗೆ ದಾರ ಎಳೆದು ನೀರಿನ ಬಾಟ್ಲಿ ಮುಖದ ಮೇಲೆ ಬಗ್ಗೋ ಹಂಗೆ ಮಾಡಿಕೊಂಡಿದ್ರು. ನಾನು ಹೇಳಿದೆ, "ಆ ದಾರ ಹರಿದ್ರೆ ಅವರು ಒಂದು ದಿನ ತಡವಾಗಿ ಏಳ್ತಾರೆ. ನಿನ್ನ ಚೈನ್ ಹರಿದ್ರೆ?"

ನಿಮ್ಮನೇಲೂ ಯಾರಾದ್ರೂ ಇಂಥದ್ದು ಕಟ್ತಿದ್ರೆ ಒಂದೊಂದು ಸಾಮಾನಿಗೂ ಇದನ್ನೇ ಕೇಳಿ. ಚಪ್ಪಲಿ ರಬ್ಬರ್ ಹೋದ್ರೆ ಗಡಗಡ ಸದ್ದು. ಬೀರುವಿನ ಬಾಗಿಲು ತೂತು ಬಿದ್ರೆ ಗೊಬ್ಬರ ಚೆಲ್ತೈತೆ. ಅಂಥದ್ದಕ್ಕೆ ಮನೇಲಿರೋದೇ ಸಾಕು. ಬ್ರೇಕು, ಸ್ಟೀರಿಂಗು, ಅಚ್ಚು, ಪೆಟ್ರೋಲು ಇವಕ್ಕೆ ಗಾಡಿಗಂತಲೇ ಮಾಡಿದ ಸಾಮಾನೇ ಬೇಕು, ಗುಜರಿಯಿಂದ ತಂದ್ರೂ ಸರಿ. ಇನ್ನೊಂದು, ಇದನ್ನ ರಸ್ತೆಗೆ ಇಳಿಸೋ ಹಂಗಿಲ್ಲ. ನೋಂದಣಿ ಇಲ್ಲ, ವಿಮೆ ಇಲ್ಲ. ಯಾರಿಗಾದ್ರೂ ತಗುಲಿದ್ರೆ ಪರಿಹಾರ ಕಟ್ಟೋಕೆ ಹೊಲ ಮಾರಬೇಕಾಗ್ತೈತೆ.

ಮೇಸ್ತ್ರಿ ಹೇಳಿದ್ದು ಸುಲಭದ ದಾರಿ: ಗುಜರಿ ಆಟೋದ ಬ್ರೇಕ್ ಡ್ರಮ್ ತಂದು ಹಿಂದಿನ ಅಚ್ಚಿಗೇ ಕೂರಿಸೋದು. ಚೈನ್ ಇರ್ಲಿ, ಹೋಗ್ಲಿ, ಚಕ್ರ ಹಿಡೀತೈತೆ. ಸ್ಟೀರಿಂಗಿಗೆ ಹಳೇ ಮಾರುತಿ 800ರದ್ದು ಪೂರ್ತಿ ಸೆಟ್ ನೋಡು ಅಂದಿದಾರೆ. ಹುಡುಗ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಬೆಳಗ್ಗೆ ಬಸ್ ಹತ್ತಿ ದಾವಣಗೆರೆಗೆ ಹೋದ. ಡ್ರಮ್ ಸಿಕ್ಕೈತೆ, ಒಳಗಿನ ಲೈನರ್ ಹೊಸದು ಹಾಕಿಸಬೇಕು. ಸ್ಟೀರಿಂಗ್ ಇನ್ನೂ ಸಿಕ್ಕಿಲ್ಲ. ಗಾಡಿ ಹುಣಸೆ ಮರದ ಕೆಳಗೆ ಚಕ್ರಕ್ಕೆ ಕಲ್ಲು ಕೊಟ್ಕೊಂಡು ನಿಂತೈತೆ. ಈ ಸಲದ ಗೊಬ್ಬರ ನಾವಿಬ್ರೂ ಬೈಕ್ ಮೇಲೆ ಒಂದೊಂದೇ ಚೀಲ ಸಾಗಿಸ್ತಿದೀವಿ.