ನಿಂದು ಯಾವೂರಲೇ?

ಆರನೇ ಸೆಮಿಸ್ಟರ್‌ನ ಎರಡನೇ ಇಂಟರ್ನಲ್ಸ್ ಮುಗಿದ ಸಂಜೆ, ಮೆಸ್ಸಿನಲ್ಲಿ ಕೂತು ದಾಂಡೇಲಿಗೆ ಹೋಗೋದು ಅಂತ ಪಕ್ಕಾ ಮಾಡಿದೆವು. ಧಾರವಾಡದಿಂದ ಸುಮಾರು 60 ಕಿ.ಮೀ. ಅಷ್ಟೇ. ಆದರೂ ಮೂರು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ರೀಲ್ಸ್ ನೋಡಿ ಪಟ್ಟಿ ಮಾಡಿದೆವು: ಮುಂಡಗೋಡದ ಟಿಬೆಟನ್ ಕ್ಯಾಂಪ್, ಸಿಂಥೇರಿ ರಾಕ್, ಉಳವಿ, ಕಾಳಿ ನದಿಯಲ್ಲಿ ರಾಫ್ಟಿಂಗ್, ಸೂಪಾ ಡ್ಯಾಮ್. ಮೂರು ಬೈಕು, ಆರು ಜನ, ಮೂರು ದಿನ.

ಆರನೆಯವನ ಬಗ್ಗೆ ಮೊದಲೇ ಹೇಳಬೇಕು. ರಜೆಯಲ್ಲಿ ಅವನ ಫೋನ್ ಹತ್ತುತ್ತಲೇ ಇರಲಿಲ್ಲ, ಹಾಗಾಗಿ ಮೊದಲ ವರ್ಷದಿಂದಲೇ ಅವನ ಹೆಸರು 'ನಾಟ್ ರೀಚೆಬಲ್'. "ನಿಂದು ಯಾವೂರಲೇ?" ಅಂದರೆ "ದಾಂಡೇಲಿ ಕಡೆ" ಅನ್ನುತ್ತಿದ್ದ. "ದಾಂಡೇಲಿನೇ?" "ಅಲ್ಲ, ಇನ್ನೂ ಆ ಕಡೆ." "ಜೋಯಿಡಾನಾ?" "ಹಂಗೂ ಅನ್ಬಹುದು." "ಇವಂಗ ಊರೇ ಇಲ್ಲಲೇ" ಅಂತ ನಾವು ಅದೆಷ್ಟು ಸಲ ನಕ್ಕಿದ್ದೇವೋ ಲೆಕ್ಕವಿಲ್ಲ. ಅವನೂ ನಗುತ್ತಿದ್ದ.

ಮೊದಲು ಮುಂಡಗೋಡ. ಊರು ದಾಟಿ ಕ್ಯಾಂಪಿನ ರಸ್ತೆಗೆ ಇಳಿದರೆ ಗೋವಿನಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಬಾವುಟಗಳು, ಅದರ ಹಿಂದೆ ಗಾದೆನ್ ಮತ್ತು ಡ್ರೆಪುಂಗ್ ಮಠಗಳ ಬಂಗಾರದ ಬಣ್ಣದ ಚಾವಣಿ. ಇವೆರಡೂ ಲಾಸಾ ಹತ್ತಿರದ ಶತಮಾನಗಳ ಹಳೆಯ ಮಠಗಳ ಹೆಸರುಗಳೇ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಹಿಂದೆಯೇ ಬಂದ ಸಾವಿರಾರು ಜನರಿಗೆ ಅಂದಿನ ಮೈಸೂರು ರಾಜ್ಯ ಜಾಗ ಕೊಟ್ಟಿತು. ಬೈಲಕುಪ್ಪೆ ಆದ ಮೇಲೆ 1960ರ ದಶಕದಲ್ಲಿ ಇಲ್ಲಿ ಕಾಡು ಕಡಿದು ಕ್ಯಾಂಪುಗಳಾದವು. ಊರಿಗೆ ಹೆಸರಿಡದೆ ಕ್ಯಾಂಪ್ ನಂಬರ್ 1, 2, 3 ಅಂತಲೇ ಕರೆಯುತ್ತಾರೆ. ಮೊಮೊ ತಿಂದ ಹೋಟೆಲಿನ ಆಂಟಿ ನಮಗಿಂತ ಚಂದದ ಹುಬ್ಬಳ್ಳಿ ಕನ್ನಡ ಮಾತಾಡಿದರು. ಚಳಿಗಾಲದಲ್ಲಿ ಹುಬ್ಬಳ್ಳಿಗೆ ಸ್ವೆಟರ್ ಮಾರಲು ಬರುತ್ತಾರಂತೆ. "ನಿಮ್ಮ ಊರು ಇದೇನಾ?" ಅಂತ ನಮ್ಮೊಳಗೊಬ್ಬ ಕೇಳಿಬಿಟ್ಟ. "ಹುಟ್ಟಿದ್ದು ಇಲ್ಲೇ. ಊರು ಅಂದ್ರ ಅಪ್ಪ ಹೇಳ್ತಿದ್ದದ್ದು" ಅಂದರು.

ಯಲ್ಲಾಪುರದ ಮೇಲೆ ಹಳಿಯಾಳಕ್ಕೆ ಬರುವಾಗ ಒಂದು ಹಳ್ಳಿಯ ಹತ್ತಿರ ಬೈಕ್ ಪಂಕ್ಚರ್ ಆಯಿತು. ನೆರವಿಗೆ ಬಂದವರು ಸಿದ್ದಿಗಳು. ನಾವು ಅವರ ಗುಂಗುರು ಕೂದಲು ನೋಡುತ್ತಾ ನಿಂತದ್ದು ಈಗ ನೆನೆದರೆ ನಾಚಿಕೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದವರು, ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟ ಹತ್ತಿ ಈ ಕಾಡು ಸೇರಿದವರು, ಇವರ ಹಿರಿಯರು. ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ; ಡಮಾಮಿ ಬಾರಿಸಿದರೆ ಮೂವರ ಕಾಲೂ ಕುಣಿಯುತ್ತದೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಜಗಲಿಯ ಮೇಲೆ ಒಬ್ಬ ಅಜ್ಜಿ ಹಳೇ ಸೀರೆ ತುಂಡು ಸೇರಿಸಿ ಕೌದಿ ಹೊಲಿಯುತ್ತಿದ್ದರು. "ಎಲ್ಲಿಂದ ಬಂದ್ರಿ?" ಅಂತ ಅವರೇ ನಮ್ಮನ್ನು ಕೇಳಿದರು. ಈ ಪ್ರಶ್ನೆ ಅವರ ಬಾಯಲ್ಲಿ ಬಂದಾಗ ನಮ್ಮಲ್ಲಿ ಯಾರಿಗೂ ತಮಾಷೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ದಾಂಡೇಲಿಯಲ್ಲಿ ಕಣ್ಣು ಬಿಟ್ಟಾಗ ಪೇಪರ್ ಮಿಲ್ಲಿನ ವಾಸನೆ. ಇಷ್ಟೇನಾ ದಾಂಡೇಲಿ ಅಂದುಕೊಳ್ಳುವಾಗಲೇ ತಲೆಯ ಮೇಲೆ ಹೆಲಿಕಾಪ್ಟರಿನಂಥ ಸದ್ದು ಮಾಡುತ್ತಾ ಎರಡು ಮಂಗಟ್ಟೆ ಹಕ್ಕಿಗಳು ಹಾರಿದವು. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ. ಸಣ್ಣ ಸೀಳಿನಿಂದ ಗಂಡು ಹಣ್ಣು ತಂದು ಕೊಡುತ್ತದೆ. ಹಳೇ ದೊಡ್ಡ ಮರ ಇಲ್ಲದಿದ್ದರೆ ಪೊಟರೆ ಇಲ್ಲ, ಪೊಟರೆ ಇಲ್ಲದಿದ್ದರೆ ಮರಿ ಇಲ್ಲ. 1956ರಲ್ಲಿ ವನ್ಯಧಾಮವಾದ ಈ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಯಿತು, 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರಾಯಿತು. ಹುಲಿ ನಮಗೆ ಕಾಣಲಿಲ್ಲ. ನಾವು ಅದಕ್ಕೆ ಕಂಡಿರಬಹುದು.

ಸಿಂಥೇರಿಯಲ್ಲಿ ಮೆಟ್ಟಿಲಿಳಿದು ಹೋದರೆ ಎದುರಿಗೆ ಸುಮಾರು 300 ಅಡಿಯ ಒಂದೇ ಬಂಡೆ. ಮೇಲೆ ಹೆಜ್ಜೇನು ತಟ್ಟಿಗಳು, ಬುಡದಲ್ಲಿ ಕಾನೇರಿ ಹೊಳೆ. ಗಲಗಲ ಅನ್ನುತ್ತಿದ್ದ ನಾವು ಅಲ್ಲಿ ಹತ್ತು ನಿಮಿಷ ಸುಮ್ಮನೆ ಕೂತೆವು. ಮಧ್ಯಾಹ್ನ ಉಳವಿ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ರಕ್ತ ಹರಿದಾಗ ಶರಣರು ವಚನದ ಕಟ್ಟು ಹೊತ್ತು ಈ ಕಾಡಿಗೆ ಬಂದರೆಂದು ಜನ ನಂಬುತ್ತಾರೆ. ಬಸವಣ್ಣನ ಅಕ್ಕನ ಮಗ ಚನ್ನಬಸವಣ್ಣನ ಸಮಾಧಿ ಇಲ್ಲಿದೆ. ಪ್ರಸಾದಕ್ಕೆ ಕೂತಾಗ ನಾಟ್ ರೀಚೆಬಲ್ ಮೆಲ್ಲಗೆ ಅಂದ: "ನೋಡ್ರಿ, ನಮ್ಮ ಕಡೆ ಯಾರೂ ಮೂಲದವ್ರು ಅಲ್ಲ ಅನ್ನೋ ಹಂಗ ಐತಿ. ಎಲ್ಲಾರೂ ಎಲ್ಲಿಂದನೋ ಎದ್ದು ಬಂದವ್ರು." ಕಾಡಿನ ಕುಣಬಿಗಳು, ಗೌಳಿಗಳು ಇದ್ದಾರಲ್ಲ ಅಂದೆವು. "ಅವ್ರಿಗೂ ಈಗ ಏಳ್ರಿ ಅಂತಾರ" ಅಂದ.

ಮೂರನೇ ದಿನ ಗಣೇಶಗುಡಿ. ಬೆಳಿಗ್ಗೆ ಹೋದರೆ ನದಿಯಲ್ಲಿ ಬರೀ ಕಲ್ಲು. ಲೈಫ್ ಜಾಕೆಟ್ ಹಾಕಿಕೊಂಡು ಬೆವರುತ್ತಾ ಕೂತೆವು. "ನೀರು ಎಲ್ಲಿ ಅಣ್ಣಾ?" ಅಂದರೆ ಗೈಡ್ ನಕ್ಕ: "ಮೇಲಿಂದ ಬಿಡಬೇಕು. ಮಷೀನ್ ಚಾಲೂ ಆದ್ರೆ ನದಿ ಬರ್ತದೆ." ನಮ್ಮ ಎಲೆಕ್ಟ್ರಿಕಲ್ ಹುಡುಗರಿಗೆ ತಟ್ಟನೆ ಹೊಳೆಯಿತು. ಜಲವಿದ್ಯುತ್ ಘಟಕವನ್ನು ಕೆಲವೇ ನಿಮಿಷಗಳಲ್ಲಿ ಚಾಲೂ ಮಾಡಬಹುದು. ಅದಕ್ಕೇ ಬೇಡಿಕೆ ಏರಿದಾಗ ಅದನ್ನು ಓಡಿಸುತ್ತಾರೆ. ಪವರ್ ಸಿಸ್ಟಮ್ಸ್ ಪೇಪರಿನಲ್ಲಿ ಪೀಕ್ ಲೋಡ್ ಅಂತ ಐದು ಮಾರ್ಕಿಗೆ ಬರೆದದ್ದು ಇದೇ. ಎಲ್ಲೋ ಊರುಗಳಲ್ಲಿ ಸ್ವಿಚ್ ಒತ್ತಿದಾಗ ಇಲ್ಲಿ ನದಿ ಹರಿಯುತ್ತದೆ. ಸ್ವಲ್ಪ ಹೊತ್ತಿಗೆ ಕಲ್ಲುಗಳು ಒಂದೊಂದೇ ಮುಳುಗಿದವು. ಆಮೇಲಿನ ಎರಡು ತಾಸಿನ ಕೂಗಾಟ ಇಲ್ಲಿ ಬರೆಯುವುದಿಲ್ಲ, ವಿಡಿಯೋ ನೋಡಿರುತ್ತೀರಿ.

ಸೂಪಾ ಡ್ಯಾಮಿನೊಳಗೆ ಅನುಮತಿ ಇಲ್ಲದೆ ಬಿಡುವುದಿಲ್ಲ. ದೂರದಿಂದಲೇ ನೋಡಿದೆವು. 101 ಮೀಟರ್ ಎತ್ತರದ ಕಾಂಕ್ರೀಟ್ ಗ್ರ್ಯಾವಿಟಿ ಡ್ಯಾಮ್, ಮುಗಿದದ್ದು 1987ರಲ್ಲಿ. ಹಿಂದೆ ನಿಂತ ನೀರು ತುಂಬಿದರೆ ಸುಮಾರು 145 ಟಿಎಂಸಿ. ಡ್ಯಾಮಿನ ಬುಡದಲ್ಲಿ 100 ಮೆಗಾವ್ಯಾಟ್, ಅದೇ ನೀರು ಕೆಳಗೆ ಹೋಗಿ ಬೊಮ್ಮನಹಳ್ಳಿಯಲ್ಲಿ ನಿಂತು ಸುರಂಗದಿಂದ ನಾಗಝರಿಗೆ ಬಿದ್ದರೆ ಇನ್ನೂ ಹಲವು ಪಟ್ಟು. ಸಿವಿಲ್ ಹುಡುಗರು ಅಪ್‌ಲಿಫ್ಟ್ ಪ್ರೆಶರ್, ಗ್ಯಾಲರಿ ಅಂತೆಲ್ಲ ವಿವರಿಸಿದರು. ಹಿನ್ನೀರಿನ ನಡುವೆ ಗುಡ್ಡದ ತಲೆಗಳು ದ್ವೀಪಗಳಂತೆ ಕಾಣುತ್ತಿದ್ದವು. "ಮಾಲ್ಡೀವ್ಸ್ ಆದಂಗ ಆಗೇತಿ" ಅಂತ ಸೆಲ್ಫಿ ತೆಗೆದೆವು. ನಾಟ್ ರೀಚೆಬಲ್ ಫೋಟೋ ತೆಗೆದುಕೊಟ್ಟ, ತಾನು ನಿಲ್ಲಲಿಲ್ಲ.

"ಊಟಕ್ಕ ನಮ್ಮನಿಗೆ ಹೋಗೂಣು" ಅಂದ. ಮೂರು ವರ್ಷದಲ್ಲಿ ಮೊದಲ ಸಲ.

ಮನೆ ಇದ್ದದ್ದು ರಾಮನಗರದಲ್ಲಿ. ಅವರಮ್ಮ ಅನ್ನ, ಮೀನಿನ ಸಾರು, ಸೋಲ್‌ಕಡಿ ಬಡಿಸಿದರು. ಅಜ್ಜಿ ಬಾಗಿಲ ಹತ್ತಿರ ಕೂತಿದ್ದರು. ಅವರದು ಕೊಂಕಣಿ, ನಡುನಡುವೆ ಕನ್ನಡ. ಮಿಕ್ಕದ್ದನ್ನು ಇವನು ಹೇಳುತ್ತಿದ್ದ. ಎಲ್ಲಿಗೆ ಹೋಗಿದ್ರಿ ಅಂತ ಕೇಳಿದರು. ಪಟ್ಟಿ ಒಪ್ಪಿಸಿದೆವು. ಕೊನೆಗೆ ಸೂಪಾ ಡ್ಯಾಮ್ ಅಂದಾಗ ಅಜ್ಜಿ ಕೇಳಿದರು: "ನಮ್ಮ ಊರು ಕಾಣಿಸ್ತಾ?"

ನಮಗೆ ಅರ್ಥವಾಗಲಿಲ್ಲ. ಅವನು ತಟ್ಟೆ ನೋಡುತ್ತಲೇ ಹೇಳಿದ: "ಸೂಪಾ ಅಂದ್ರ ಡ್ಯಾಮ್ ಅಲ್ಲ. ಊರು."

ಕಾಳಿಯೂ ಪಾಂಡರಿಯೂ ಕೂಡುವ ಜಾಗದಲ್ಲಿ ಸೂಪಾ ಅನ್ನುವ ಪೇಟೆ ಇತ್ತು. ತಾಲ್ಲೂಕಿಗೆ ಅದರದೇ ಹೆಸರು. ಸಂತೆ ಇತ್ತು, ಕಚೇರಿ ಇತ್ತು, ನದಿಗೆ ಸೇತುವೆ ಇತ್ತು. ನೀರು ನಿಲ್ಲಿಸುವ ಮೊದಲು ಎಲ್ಲರನ್ನೂ ಎಬ್ಬಿಸಿದರು. ಕಚೇರಿ ಜೋಯಿಡಾಕ್ಕೆ ಹೋಯಿತು, ಬಹಳ ಜನ ರಾಮನಗರಕ್ಕೆ ಬಂದರು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಳೇ ಸೇತುವೆ ಮೇಲೆ ಬರುತ್ತದೆ. ಅಜ್ಜಿ ಒಮ್ಮೆ ನೋಡಲು ಹೋಗಿದ್ದರಂತೆ. "ಸೇತುವೆ ಸಿಕ್ತು, ಮನೆ ಸಿಗಲಿಲ್ಲ. ಬರೀ ಕೆಸರು" ಅಂದರು. ಆಮೇಲೆ, "ನೀವು ಕರೆಂಟಿನದ್ದು ಓದ್ತೀರಂತಲ್ಲ, ನಿಮ್ಮ ಹಾಸ್ಟೆಲಿಗೆ ಕರೆಂಟ್ ಚೆನ್ನಾಗಿ ಬರ್ತದಾ?" ಅಂತ ಕೇಳಿದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ, ಅದೇ ಕಷ್ಟವಾದದ್ದು. "ಬರ್ತದೆ ಅಜ್ಜಿ" ಅಂದೆವು. "ಬರಲಿ" ಅಂದರು.

ಸಾಯಂಕಾಲ ಅಳ್ನಾವರದ ಹತ್ತಿರ ಚಾಗೆ ನಿಂತಾಗ ನಾವು ಕೇಳಿದೆವು, ಮೊದಲೇ ಯಾಕ ಹೇಳಲಿಲ್ಲಲೇ ಅಂತ. "ಏನಂತ ಹೇಳ್ಲಿ? ನಮ್ಮೂರು ನೀರಾಗ ಐತಿ ಅಂದ್ರ ನಗ್ತಿದ್ರಿ. ಅಜ್ಜಿ ಊರು ಸೂಪಾ ಅಂತಾಳ, ಅಪ್ಪ ರಾಮನಗರ ಅಂತಾನ. ನಾ ದಾಂಡೇಲಿ ಕಡೆ ಅಂತೀನಿ, ನಿಮಗ ಅದಾದ್ರೂ ಗೊತ್ತಿರ್ತದ." ನಾವು ನಗುತ್ತಿದ್ದೆವು, ಅದು ನಿಜ. ಕ್ಷಮಿಸು ಅಂತ ಹೇಳಿದ್ದು ಹಾಸ್ಟೆಲಿಗೆ ಬಂದ ಮೇಲೆ, ಅದೂ ಒಬ್ಬೊಬ್ಬರಾಗಿ.

ಡ್ಯಾಮ್ ಕಟ್ಟಬಾರದಿತ್ತು ಅಂತ ನಾವು ಬರೆಯುತ್ತಿಲ್ಲ. ಅಷ್ಟು ಸುಲಭದ ತೀರ್ಪು ಕೊಡುವಷ್ಟು ನಮಗೆ ತಿಳಿದಿಲ್ಲ. ಈ ಲೇಖನ ಟೈಪ್ ಮಾಡುತ್ತಿರುವ ಲ್ಯಾಪ್‌ಟಾಪ್ ಕೂಡ ಚಾರ್ಜಿಗೆ ಹಾಕಿದ್ದೇವೆ. ಆದರೆ ನಮ್ಮ ಸಿಲೆಬಸ್‌ನಲ್ಲಿ ಸೂಪಾ ಅಂದರೆ ಎತ್ತರ, ಟಿಎಂಸಿ, ಮೆಗಾವ್ಯಾಟ್. ಊರು ಅನ್ನುವ ಕಾಲಮ್ಮೇ ಇಲ್ಲ. ನಾಳೆ ನಾವೇ ಇಂಥ ನಕ್ಷೆ ಬರೆಯುವವರು. 'ಮುಳುಗಡೆ ಪ್ರದೇಶ' ಅಂತ ನೀಲಿ ಬಣ್ಣ ತುಂಬುವಾಗ ಅಜ್ಜಿಯ ಪ್ರಶ್ನೆ ನೆನಪಾದರೆ ಸಾಕು.

ಹೋಗುವವರಿಗೆ ಎರಡು ಮಾತು. ಮಳೆಗಾಲದಲ್ಲಿ ರಾಫ್ಟಿಂಗ್ ಇರುವುದಿಲ್ಲ. ಬೇರೆ ದಿನಗಳಲ್ಲೂ ನೀರು ಬಿಡುವ ಹೊತ್ತು ಕೇಳಿಕೊಂಡೇ ಹೋಗಿ. ಡ್ಯಾಮಿನ ಕೆಳಗೆ ನದಿ ಒಣಗಿದೆ ಅಂತ ನಡುವಿನ ಕಲ್ಲಿನ ಮೇಲೆ ಕೂರಬೇಡಿ, ನೀರು ಹೇಳಿ ಬರುವುದಿಲ್ಲ. ಸಿಂಥೇರಿಯಲ್ಲಿ ಈಜಬೇಡಿ, ಜೇನಿಗೆ ಕೂಗಾಟ ಆಗದು. ಕೈಯಲ್ಲಿ ರೊಕ್ಕ ಇಟ್ಟುಕೊಳ್ಳಿ, ಬಹಳ ಕಡೆ ನೆಟ್‌ವರ್ಕ್ ಇಲ್ಲ.

ನೆಟ್‌ವರ್ಕ್ ಅಂದಾಗ ನೆನಪಾಯಿತು: ಈಗ ಅವನನ್ನು ನಾವು ಹೆಸರು ಹಿಡಿದೇ ಕರೆಯುತ್ತೇವೆ. ಮೊನ್ನೆ ಮೊದಲ ವರ್ಷದ ಜೂನಿಯರ್ ಒಬ್ಬ "ಅಣ್ಣಾ, ನಿಮ್ಮ ಊರು ಯಾವುದು?" ಅಂತ ಕೇಳಿದ. "ಸೂಪಾ" ಅಂದ. "ಡ್ಯಾಮ್ ಐತಲ್ಲ, ಅದಾ?" ಅಂದ ಜೂನಿಯರ್.

"ಕೂತ್ಕೋ, ಹೇಳ್ತೀನಿ" ಅಂದ.