ಮತ್ತೊಮ್ಮೆ ನೋಡುವ ಕಣ್ಣು

ಪವಿತ್ರ ಕುರ್‌ಆನಿನ ತಕ್ವೀರ್ ಅಧ್ಯಾಯದಲ್ಲಿ ಅಲ್ಲಾಹನು ‘ಖುನ್ನಸ್’, ‘ಕುನ್ನಸ್’ಗಳ ಮೇಲೆ ಆಣೆಯಿಡುತ್ತಾನೆ. ಹಿಂದೆ ಸರಿಯುವ, ಅಡಗಿಕೊಳ್ಳುವ ವಸ್ತುಗಳೆಂದು ಆ ಪದಗಳ ಅರ್ಥ. ಇವು ಬ್ಲ್ಯಾಕ್ ಹೋಲ್ ಎನ್ನಲಾಗುವ ಕಪ್ಪುಕುಳಿಗಳೇ ಎಂದು ಸಾರುವ ವೀಡಿಯೋಗಳನ್ನು ಹಿಡಿದು ನಮ್ಮ ಕಮತಗಿಯ ಮಕ್ಕಳು, “ಹಜರತ್, ಇದು ನಿಜವೇ?” ಎಂದು ಕೇಳುತ್ತಾರೆ.

ಮೊದಲು ಖಗೋಳವಿಜ್ಞಾನಿಗಳು ಕಂಡುದನ್ನು ತಿಳಿಯೋಣ. ನಕ್ಷತ್ರವೊಂದು ದೈತ್ಯ ಕಪ್ಪುಕುಳಿಯ ತೀರ ಸಮೀಪಕ್ಕೆ ಹೋದರೆ, ಅದರ ಹತ್ತಿರದ ಪಾರ್ಶ್ವದ ಮೇಲಿನ ಸೆಳೆತವು ದೂರದ ಪಾರ್ಶ್ವದ ಮೇಲಿನದಕ್ಕಿಂತ ಬಹಳ ಹೆಚ್ಚಾಗಿ, ನಕ್ಷತ್ರವು ನೂಲಿನ ಎಳೆಯಂತೆ ಹಿಂಜಿಹೋಗುತ್ತದೆ. ಕೆಲವೊಮ್ಮೆ ಅಲ್ಲಿಂದ ಹೊರಚಿಮ್ಮಿದ ದ್ರವ್ಯವು ಸುತ್ತಲಿನ ಅನಿಲಕ್ಕೆ ಅಪ್ಪಳಿಸಿದಾಗ ರೇಡಿಯೋ ಅಲೆಗಳು ಹೊಮ್ಮುತ್ತವೆ. ಅವು ಶಬ್ದವಲ್ಲ, ಕಣ್ಣಿಗೆ ಕಾಣದ ಬೆಳಕು. ನಮ್ಮ ನಾಡಿನ ಗೌರಿಬಿದನೂರಿನಲ್ಲಿಯೂ ಆಕಾಶದ ರೇಡಿಯೋ ಅಲೆಗಳನ್ನು ಗ್ರಹಿಸುವ ಆಂಟೆನಾಗಳು 1970ರ ದಶಕದಿಂದ ಇವೆ.

ಇಂತಹ ಒಂದು ನಕ್ಷತ್ರದ ಅಂತ್ಯವು 2018ರಲ್ಲಿ ಕಂಡುಬಂದಿತು. ಅದರ ಹೆಸರು ಎಟಿ2018ಎಚ್‌ವೈಝಡ್. ಅಲ್ಲಿಂದ ಬೆಳಕು ನಮ್ಮನ್ನು ತಲುಪಲು ಸುಮಾರು 66 ಕೋಟಿ ವರ್ಷಗಳು ಬೇಕು. ಆರಂಭದ ತಿಂಗಳುಗಳಲ್ಲಿ ಹುಡುಕಿದಾಗ ರೇಡಿಯೋ ಅಲೆಗಳ ಸುಳಿವಿರಲಿಲ್ಲ. 2021ರಲ್ಲಿ ಮತ್ತೆ ನೋಡಿದಾಗ ಅದೇ ಸ್ಥಳವು ಪ್ರಕಾಶಮಾನವಾಗಿತ್ತು! ನಕ್ಷತ್ರವು ಛಿದ್ರವಾಗಿ ಸುಮಾರು ಎರಡು ವರ್ಷಗಳ ಬಳಿಕ ದ್ರವ್ಯವು ಹೊರಚಿಮ್ಮಿರಬೇಕೆಂದು ಸಂಶೋಧಕರು 2022ರಲ್ಲಿ ವಿವರಿಸಿದರು. ಇಷ್ಟು ತಡವೇಕೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇನ್ನು ಮಕ್ಕಳ ಪ್ರಶ್ನೆ. ‘ಖುನ್ನಸ್’ ಎಂದರೆ ನಕ್ಷತ್ರಗಳೆಂದು ಹಜರತ್ ಅಲಿ(ರ) ಅವರಿಂದಲೂ, ಕಾಡುಹಸುಗಳೆಂದು ಇಬ್ನು ಮಸ್ಊದ್(ರ) ಅವರಿಂದಲೂ ವರದಿಯಾಗಿದೆ. ಇಮಾಮ್ ತಬರಿಯವರು ಎರಡನ್ನೂ ದಾಖಲಿಸಿದ್ದಾರೆ. ನಾವು ಮಾತ್ರ ದಿವ್ಯವಚನವನ್ನು ಇಂದಿನ ಒಂದು ಸಿದ್ಧಾಂತಕ್ಕೆ ಮೊಳೆ ಹೊಡೆದು ಬಿಗಿದರೆ, ನಾಳೆ ಆ ಸಿದ್ಧಾಂತ ಬದಲಾದಾಗ ಮಗುವಿನ ಮನದಲ್ಲಿ ಅಲುಗಾಡುವುದು ಯಾವುದು? ಸಿದ್ಧಾಂತವಲ್ಲ, ಈಮಾನ್.

ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಮರಣದಿಂದಲೇ ಗ್ರಹಣವಾಯಿತೆಂದು ಜನರು ನುಡಿದರು. ಸುಮ್ಮನಿದ್ದರೆ ಅದು ಅವರ ಮಹಿಮೆಯೆಂದೇ ಹಬ್ಬುತ್ತಿತ್ತು. ಆದರೆ ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಮರಣಕ್ಕಾಗಿಯೂ ಅವುಗಳಿಗೆ ಗ್ರಹಣ ಹಿಡಿಯದು ಎಂದು ಅವರು ತಿದ್ದಿದರು. ಪುತ್ರಶೋಕದಲ್ಲಿಯೂ ಸತ್ಯವನ್ನು ಬಿಡದವರ ಉಮ್ಮತ್ ನಾವು. ನಮ್ಮ ದೀನ್‌ಗೆ ಎರವಲು ಪವಾಡಗಳು ಬೇಕಿಲ್ಲ.

ಮುಲ್ಕ್ ಅಧ್ಯಾಯವು ಆಕಾಶದತ್ತ ದೃಷ್ಟಿಯನ್ನು ಮತ್ತೆ ಮತ್ತೆ ಹೊರಳಿಸಲು ಕರೆಯುತ್ತದೆ. ಬರಿದಾಗಿ ಕಂಡ ಸ್ಥಳವನ್ನು ವರ್ಷಗಳ ಬಳಿಕ ಪುನಃ ನೋಡಿದ ಆ ತಾಳ್ಮೆಯನ್ನು ನಮ್ಮ ಮಕ್ಕಳಿಗೂ ಕಲಿಸೋಣ. ಅಲ್ಲಾಹನು ನಮಗೆ ಪ್ರಯೋಜನಕಾರಿಯಾದ ಜ್ಞಾನವನ್ನು ಕರುಣಿಸಲಿ. ಆಮೀನ್.