ತರಗುಪೇಟೆಯ ಅಂಗಡಿ

ಬೆಂಗಳೂರಿನ ಹಳೆಯ ಪೇಟೆಯನ್ನು ನೋಡಬಯಸುವ ವಾಚಕರು ಬೆಳಗ್ಗೆ ಏಳು ಗಂಟೆಗೆ ಮೊದಲೇ ಹೊರಡುವುದು ಮೇಲು. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆನ್ನುವ ಈ ಪೇಟೆಯ ಬೀದಿಗಳು ಅಕ್ಕಿಪೇಟೆ, ಅರಳೆಪೇಟೆ ಎಂದು ಸರಕಿನ ಹೆಸರನ್ನೇ ಇಂದಿಗೂ ಹೊತ್ತಿವೆ. ಹೊತ್ತೇರಿದ ಮೇಲೆ ಅಲ್ಲಿ ಕಾಲಿಡಲು ಎಡೆಯಿರುವುದಿಲ್ಲ.

ಕಳೆದ ತಿಂಗಳು ನಾನು ತರಗುಪೇಟೆಗೆ ಹೋದೆನು. ನಮ್ಮ ತಾತನವರ ದಿನಸಿ ಅಂಗಡಿಯಿದ್ದ ಎಡೆಯಲ್ಲಿ ಈಗ ಪ್ಲಾಸ್ಟಿಕ್ ಕೊಡಗಳ ವ್ಯಾಪಾರ ನಡೆಯುತ್ತಿದೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲಿನ ಹೊಸ್ತಿಲು ಮಾತ್ರ ಹಾಗೆಯೇ ಉಳಿದಿದೆ. ನನ್ನ ಕಂಕುಳಲ್ಲಿದ್ದುದು 1943ರ ಕಿರ್ದಿ ಪುಸ್ತಕ.

ಅದು ಮಹಾಯುದ್ಧದ ಕಾಲ. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾದೊಡನೆ ಬರ್ಮಾದ ಅಕ್ಕಿಯು ಬರುವುದು ನಿಂತಿತು. ಚಿಲ್ಲರೆಯೂ ಮಾಯವಾಯಿತು, ತಾತನವರು ಕಾಸಿಗೆ ಬದಲಾಗಿ ಬೆಲ್ಲದ ಚೂರನ್ನು ಕೊಡುತ್ತಿದ್ದರಂತೆ. ತಾಮ್ರವನ್ನುಳಿಸಲು ಸರಕಾರದವರು 1943ರಲ್ಲಿ ನಡುವೆ ತೂತುಳ್ಳ ಕಾಸನ್ನು ಹೊರಡಿಸಿದರು. ಅಜ್ಜಿಯು ಅವನ್ನು ದಾರಕ್ಕೆ ಪೋಣಿಸಿ ಗೂಟಕ್ಕೆ ತೂಗುಹಾಕುತ್ತಿದ್ದಳು. ರವೆ ಇಡ್ಲಿಯು ಆ ಅಕ್ಕಿಯ ಅಭಾವದಲ್ಲೇ ತಮ್ಮಲ್ಲಿ ಹುಟ್ಟಿತೆಂದು ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ. ಇಂದು ಅದನ್ನು ಸವಿಯುವವರಲ್ಲಿ ಎಷ್ಟು ಮಂದಿಗೆ ಆ ಕ್ಯೂಗಳ ನೆನಪಿದ್ದೀತು!

ಕಿರ್ದಿಯ ಒಂದು ಹಾಳೆಯಲ್ಲಿ, "ಅಕ್ಕಿ ಹತ್ತು ಮೂಟೆ, ನಗದು" ಎಂದಿದೆ. ಕೊಂಡವನ ಹೆಸರಿಲ್ಲ. ತಾತನವರು ಹೆಸರು ಬರೆಯದ ವ್ಯಾಪಾರ ಇಡೀ ಪುಸ್ತಕದಲ್ಲಿ ಅದೊಂದೇ. ಸೋದರತ್ತೆಯ ಮದುವೆ ಗೊತ್ತಾಗಿತ್ತು. ಯಾರೋ ಗುತ್ತಿಗೆದಾರನು ಎರಡರಷ್ಟು ಬೆಲೆಯನ್ನು ಎಣಿಸಿಟ್ಟು ರಾತ್ರಿಯಲ್ಲಿ ಗಾಡಿ ತುಂಬಿಸಿಕೊಂಡು ಹೋದನು. ಮಾರನೆಯ ಬೆಳಗ್ಗೆ, ಇಪ್ಪತ್ತು ವರ್ಷಗಳಿಂದ ಉದ್ರಿಯಲ್ಲಿ ಕೊಳ್ಳುತ್ತಿದ್ದ ವಿಧವೆಯೊಬ್ಬಳು ಸೆರಗಿನಲ್ಲಿ ಚೀಲ ಮುಚ್ಚಿಕೊಂಡು ಬಂದಳು.

"ಅಕ್ಕಿ ಇಲ್ಲ, ತಾಯಿ," ಎಂದರು ತಾತನವರು.

"ನಿನ್ನೆ ಇತ್ತಲ್ಲಾ, ಶೆಟ್ಟರೇ?"

ಅವರು ತಕ್ಕಡಿಯನ್ನು ಒರೆಸುತ್ತ ಕುಳಿತರು. ಅವಳು ಮತ್ತೆ ಕೇಳಲಿಲ್ಲ.

ಇದನ್ನೆಲ್ಲ ನಡುಬಾಗಿಲಿನ ಮರೆಯಲ್ಲಿ ನಿಂತು ಕೇಳಿದವಳು ಅಜ್ಜಿ. ಅಂದಿನಿಂದ ಅವಳು ಅನ್ನವನ್ನು ಬಿಟ್ಟಳು. ಮೂರು ಹೊತ್ತೂ ರಾಗಿಯೇ. ಕೇಳಿದವರಿಗೆ, ಹೊಟ್ಟೆಗೆ ಅನ್ನ ಹಿಡಿಸುವುದಿಲ್ಲವೆಂದು ಹೇಳುತ್ತಿದ್ದಳು. ತನ್ನ ಪಾಲಿನ ಒಂದು ಪಾವು ಅಕ್ಕಿಯನ್ನು ಸಂಜೆಗತ್ತಲಲ್ಲಿ ಹಿತ್ತಿಲ ಬಾಗಿಲಿನಿಂದ ಆ ವಿಧವೆಗೆ ಅಳೆದು ಕೊಡುತ್ತಿದ್ದಳೆಂಬುದು ಮಕ್ಕಳಿಗೆ ಮಾತ್ರ ಗೊತ್ತಿತ್ತು. ನನ್ನ ತಾಯಿಯವರು ಆ ಮಕ್ಕಳಲ್ಲೊಬ್ಬರು.

ಒಂದು ಸಂಜೆ ತಾತನವರು ಪಾವನ್ನು ಹುಡುಕುತ್ತ ಒಳಗೆ ಬಂದರು. ಹಿತ್ತಿಲಲ್ಲಿ ಇಬ್ಬರೂ ನಿಂತಿದ್ದರು. ಅವರು ಏನನ್ನೂ ಹೇಳದೆ ಹೊರಗೆ ಹೋದರು. ಮದುವೆಯು ನಡೆಯಿತು, ಆದರೆ ಓಲಗದವರಿಲ್ಲದೆ, ಒಂದೇ ದಿನದಲ್ಲಿ. ಉಳಿದ ಹಣಕ್ಕೆ ಎಷ್ಟು ದುಬಾರಿಯಾದರೂ ಸರಿಯೆಂದು ಅವರು ಹಳ್ಳಿಗಳಲ್ಲಿ ಭತ್ತವನ್ನು ಕೊಂಡು ತಂದರಂತೆ.

ಆ ವಿಧವೆಯ ಖಾತೆಯು ಕಿರ್ದಿಯ ಕೊನೆಯಲ್ಲಿದೆ. ಉದ್ರಿಯ ಸಾಲುಗಳು ಒಂದು ಪುಟವನ್ನು ತುಂಬಿವೆ. ಅವುಗಳ ಕೆಳಗೆ ಬೇರೆ ಶಾಯಿಯಲ್ಲಿ "ಪೂರ್ತಿ ಸಂದಾಯ" ಎಂದು ತಾತನವರ ಕೈಬರಹವಿದೆ. ಆ ತಾರೀಖಿನ ಜಮೆಯ ಪುಟವನ್ನು ನಾನು ಆ ಹೊಸ್ತಿಲ ಮೇಲೆ ಕುಳಿತು ಮತ್ತೊಮ್ಮೆ ನೋಡಿದೆನು. ಅಲ್ಲಿ ಅವಳ ಹೆಸರಿನಲ್ಲಿ ಒಂದು ಕಾಸೂ ಬಂದಿರಲಿಲ್ಲ.